ಪ್ರಾಸ್ಟೇಟ್‌ಗೆ ಹಬೆ ಚಿಕಿತ್ಸೆ: ದಾಂಪತ್ಯಕ್ಕೆ ತೊಂದರೆಯಾಗುವುದೇ?

ಪ್ರಶ್ನೆ (ಜಯನಗರ, 61 ವರ್ಷ)
ಮಾನ್ಯರೇ, ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತೇನೆ. ಮೆಜೆಸ್ಟಿಕ್‌ವರೆಗೆ ಬಸ್ಸಿನಲ್ಲಿ ಹೋಗುವುದಿದ್ದರೂ ದಾರಿಯಲ್ಲಿ ಶೌಚಾಲಯ ಎಲ್ಲೆಲ್ಲಿದೆ ಎಂದು ಮೊದಲೇ ಲೆಕ್ಕ ಹಾಕುವಂತಾಗಿದೆ. ಸ್ಕ್ಯಾನಿಂಗ್‌ನಲ್ಲಿ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ 52 ಗ್ರಾಂ ಇದೆಯೆಂದು ಬಂದಿದೆ. ಎರಡು ವರ್ಷದಿಂದ ಮೂತ್ರ ಸಲೀಸಾಗಿ ಹೋಗಲೆಂದು ಟ್ಯಾಮ್ಸುಲೋಸಿನ್ ಮಾತ್ರೆ ನಡೆಯುತ್ತಿದೆ. ಈಗ ವೈದ್ಯರು ಟಿಯುಆರ್‌ಪಿ (ಮೂತ್ರನಾಳದ ಮೂಲಕ ಮಾಡುವ ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆ) ಅಥವಾ ರೆಝೂಮ್ ಎಂಬ ಹಬೆ ಚಿಕಿತ್ಸೆ, ಎರಡರಲ್ಲೊಂದನ್ನು ಆರಿಸಿಕೊಳ್ಳಿ ಎಂದಿದ್ದಾರೆ. ದಾಂಪತ್ಯಕ್ಕೆ ತೊಂದರೆಯಾಗುವುದೇ ಎಂದು ಕೇಳಿದರೆ, "ಈ ವಯಸ್ಸಿನಲ್ಲಿ ಅದರ ಯೋಚನೆ ಏಕೆ?" ಎಂದು ನಕ್ಕುಬಿಟ್ಟರು. ನನಗೂ ಪತ್ನಿಗೂ ಆ ಯೋಚನೆ ಇದೆ. ತಿಳಿದವರು ದಯವಿಟ್ಟು ಹೇಳಿ.

ಉತ್ತರ 1 (ಮೂತ್ರರೋಗ ವಿಭಾಗದ ನಿವೃತ್ತ ಶುಶ್ರೂಷಕ)
ಸಂಕೋಚ ಬೇಡ ಸರ್, ಕೇಳಬೇಕಾದದ್ದನ್ನೇ ಕೇಳಿದ್ದೀರಿ. ಆದರೆ ಇದರಲ್ಲಿ ಎರಡು ವಿಷಯಗಳು ಬೆರೆತಿವೆ. ನಿಮಿರುವಿಕೆಗೆ ಬೇಕಾದ ನರಗಳು ಗ್ರಂಥಿಯ ಕವಚದ ಹೊರಗೆ ಹಾದುಹೋಗುವುದರಿಂದ, ಒಳಗಿನಿಂದ ಮಾಡುವ ಈ ಚಿಕಿತ್ಸೆಗಳಲ್ಲಿ ಅವಕ್ಕೆ ಪೆಟ್ಟಾಗುವುದು ಕಡಿಮೆ. ಸ್ಖಲನದ ಮಾತು ಬೇರೆ. ಆ ಕ್ಷಣದಲ್ಲಿ ಮೂತ್ರಕೋಶದ ಕೊರಳು ಬಿಗಿಯಾಗಿ ಮುಚ್ಚಿಕೊಳ್ಳಬೇಕು. ಟಿಯುಆರ್‌ಪಿಯಲ್ಲಿ ಗ್ರಂಥಿಯನ್ನು ಹೆರೆದು ತೆಗೆಯುವಾಗ ಆ ಭಾಗವೂ ಸಡಿಲಗೊಂಡು, ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ವೀರ್ಯ ಹೊರಬರುವ ಬದಲು ಹಿಂದಕ್ಕೆ ಮೂತ್ರಕೋಶಕ್ಕೆ ಸರಿದು, ಆಮೇಲೆ ಮೂತ್ರದೊಡನೆ ಹೋಗುತ್ತದೆ. ಇದರಿಂದ ದೇಹಕ್ಕೆ ಅಪಾಯವಿಲ್ಲ, ಸುಖಾನುಭವವೂ ಸಾಮಾನ್ಯವಾಗಿ ಉಳಿಯುತ್ತದೆ. ಮೊದಲೇ ಯಾರೂ ಹೇಳದಿದ್ದಾಗ ಗಾಬರಿಯಾಗಿ ವಾರ್ಡಿಗೆ ಓಡಿ ಬಂದವರನ್ನು ಮಾತ್ರ ಬಹಳ ನೋಡಿದ್ದೇನೆ. ರೆಝೂಮ್‌ನಲ್ಲಿ ಸೂಜಿಯಿಂದ ಒಂದೊಂದು ಕಡೆ 9 ಸೆಕೆಂಡಿನಂತೆ ಹಬೆ ಬಿಡುತ್ತಾರೆ. ಕೊರಳನ್ನು ಕತ್ತರಿಸುವುದಿಲ್ಲವಾದ್ದರಿಂದ ಬಹುತೇಕರಲ್ಲಿ ಸ್ಖಲನ ಮೊದಲಿನಂತೆಯೇ ಇರುತ್ತದೆ.

ಉತ್ತರ 2 (ಮಲ್ಲೇಶ್ವರ)
ನಾನು ರೆಝೂಮ್ ಮಾಡಿಸಿಕೊಂಡವನು. ಮೇಲಿನವರು ಹೇಳಿದ್ದು ನನ್ನ ಮಟ್ಟಿಗೆ ನಿಜವಾಯಿತು, ಆದರೆ ಮರುದಿನವೇ ಹಗುರಾಗುತ್ತದೆಂದು ನಂಬಬೇಡಿ. ಹಬೆಯಿಂದ ಸತ್ತ ಅಂಗಾಂಶವನ್ನು ದೇಹ ನಿಧಾನವಾಗಿ ಕರಗಿಸಿಕೊಳ್ಳಬೇಕು. ಅಲ್ಲಿಯವರೆಗೆ ಊತವಿದ್ದು ಉರಿಯೇ ಹೆಚ್ಚು. 6 ದಿನ ಕ್ಯಾಥೆಟರ್ (ಮೂತ್ರ ಹೊರಬಿಡುವ ನಳಿಕೆ) ಹಾಕಿಕೊಂಡು, ಮೂತ್ರದ ಚೀಲವನ್ನು ತರಕಾರಿಯ ಬಟ್ಟೆಚೀಲದಲ್ಲಿ ಅಡಗಿಸಿ, ಪಂಚೆ ಉಟ್ಟು ಮನೆಯೊಳಗೇ ಓಡಾಡಿದೆ. ಆರಂಭದ ಕೆಲವು ಸಲ ವೀರ್ಯದಲ್ಲಿ ರಕ್ತದ ಬಣ್ಣವಿತ್ತು, ತಾನಾಗಿಯೇ ಹೋಯಿತು. ಮೂತ್ರದ ಧಾರೆ ನಿಜವಾಗಿ ಸರಿಹೋಗಲು ಮೂರು ತಿಂಗಳು ಹಿಡಿಯಿತು. ಟಿಯುಆರ್‌ಪಿಯಷ್ಟು ಬಲವಾದ ಧಾರೆ ಇದರಲ್ಲಿ ಸಿಗದಿರಬಹುದು, ಮುಂದೆ ಮತ್ತೆ ಚಿಕಿತ್ಸೆ ಬೇಕಾಗುವ ಸಾಧ್ಯತೆಯೂ ಹೆಚ್ಚು ಎಂದು ನನ್ನ ವೈದ್ಯರು ಮೊದಲೇ ತಿಳಿಸಿದ್ದರು. ಅದನ್ನು ಒಪ್ಪಿಯೇ ಮಾಡಿಸಿಕೊಂಡೆ.

ಉತ್ತರ 3 (ಔಷಧಿ ಅಂಗಡಿಯವನು, ಬಸವನಗುಡಿ)
ಟ್ಯಾಮ್ಸುಲೋಸಿನ್ ಮಾತ್ರೆಯೂ ವೀರ್ಯದ ಪ್ರಮಾಣವನ್ನು ಇಳಿಸುತ್ತದೆ. ಮಾತ್ರೆ ನಿಂತರೆ ಸಾಮಾನ್ಯವಾಗಿ ಮೊದಲಿನಂತಾಗುತ್ತದೆ. ನೀವಾಗಿಯೇ ನಿಲ್ಲಿಸಬೇಡಿ, ಆದರೆ ಈಗಿನ ಸ್ಥಿತಿ ಹೇಗಿದೆಯೆಂದು ಗುರುತು ಹಾಕಿಕೊಂಡು ವೈದ್ಯರಿಗೆ ತಿಳಿಸಿ. ಇಲ್ಲದಿದ್ದರೆ ಮಾತ್ರೆಯ ತಪ್ಪನ್ನು ಮುಂದೆ ಚಿಕಿತ್ಸೆಯ ತಲೆಗೆ ಕಟ್ಟುತ್ತೀರಿ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಧನ್ಯವಾದಗಳು. ಒಂದೂವರೆ ವರ್ಷದಿಂದ ವೀರ್ಯ ಕಡಿಮೆಯಾಗಿದ್ದನ್ನು ವಯಸ್ಸಿನ ಲೆಕ್ಕಕ್ಕೇ ಬರೆದುಕೊಂಡಿದ್ದೆ; ಮಾತ್ರೆಯ ಮೇಲೆ ಅನುಮಾನವೇ ಬಂದಿರಲಿಲ್ಲ. ಶುಕ್ರವಾರ ಇನ್ನೊಬ್ಬ ವೈದ್ಯರ ಬಳಿ ಪತ್ನಿಯೊಡನೆ ಹೋಗಿ, ನಿಮಿರುವಿಕೆ, ಸ್ಖಲನ ಎರಡರ ಪ್ರಶ್ನೆಗಳನ್ನೂ ಬೇರೆಬೇರೆಯಾಗಿ ಕೇಳುತ್ತೇನೆ.