ಸಂಬಳ ಪಡೆಯುತ್ತಲೇ ಸಮಾಜಕಾರ್ಯ ಪದವಿ: ಹುಬ್ಬಳ್ಳಿ-ಧಾರವಾಡದಲ್ಲಿ ದಾರಿ ಇದೆಯೇ?

ಪ್ರಶ್ನೆ: ಹಳೇ ಹುಬ್ಬಳ್ಳಿಯ ಕಾರ್ಯಕರ್ತೆ

ಎಲ್ಲರಿಗೂ ನಮಸ್ಕಾರ. ನಾನು ಬಿ.ಎ. ಮುಗಿಸಿ ನಾಲ್ಕು ವರ್ಷಗಳಿಂದ ಇಲ್ಲಿಯ ಒಂದು ಮಕ್ಕಳ ಪಾಲನಾ ಸಂಸ್ಥೆಯಲ್ಲಿ ಗುತ್ತಿಗೆಯ ಮೇಲೆ ಕೆಲಸ ಮಾಡುತ್ತಿದ್ದೇನೆ. ರೈಲು ನಿಲ್ದಾಣದಲ್ಲಿ ಸಿಕ್ಕ ಮಗುವನ್ನು ಕರೆತಂದಾಗ ಮೊದಲು ಮಾತನಾಡಿಸುವುದು, ಮನೆಯ ವಿಳಾಸ ಪತ್ತೆ ಮಾಡುವುದು, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸುವಾಗ ಜೊತೆಗಿರುವುದು, ಕಡತ ಬರೆಯುವುದು, ಇವೆಲ್ಲ ನನ್ನ ಪಾಲಿನ ಕೆಲಸಗಳು. ಹಾಜರಿ ಪುಸ್ತಕದಲ್ಲಿ ಮಾತ್ರ ನನ್ನ ಹೆಸರಿನ ಮುಂದೆ ‘ಸಹಾಯಕಿ’ ಎಂದೇ ಇದೆ. ಸಮಾಲೋಚಕಿಯ ಹುದ್ದೆ ಎರಡು ಸಲ ಖಾಲಿಯಾಯಿತು. ಎರಡು ಸಲವೂ ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಆಗಿಲ್ಲವೆಂದು ನನ್ನ ಅರ್ಜಿಯನ್ನು ಪಕ್ಕಕ್ಕಿಟ್ಟರು. ಹೊಸದಾಗಿ ಬಂದವರಿಗೆ ಕೆಲಸ ಹೇಳಿಕೊಡುವ ಹೊಣೆಯನ್ನು ಮಾತ್ರ ನನಗೇ ವಹಿಸಿದರು.

ಕೆಲಸ ಬಿಟ್ಟು ಎರಡು ವರ್ಷ ಓದುವುದು ನನ್ನಿಂದಾಗದು. ಅಪ್ಪನ ಹೊಲಿಗೆ ಅಂಗಡಿ ಕೊರೋನಾ ಕಾಲದಲ್ಲಿ ಮುಚ್ಚಿದ್ದು ಮತ್ತೆ ತೆರೆಯಲಿಲ್ಲ. ನನಗೆ ಬರುವ 13,000 ರೂಪಾಯಿಯಲ್ಲೇ ಮನೆ ಬಾಡಿಗೆಯೂ ತಮ್ಮನ ಓದೂ ನಡೆಯಬೇಕು. ಇಂಗ್ಲೆಂಡಿನಲ್ಲಿರುವ ಚಿಕ್ಕಮ್ಮನ ಮಗಳು ಕಳೆದ ತಿಂಗಳು ಫೋನಿನಲ್ಲಿ ಮಾತನಾಡುವಾಗ, ಅಲ್ಲಿ ‘ಡಿಗ್ರಿ ಅಪ್ರೆಂಟಿಸ್‌ಶಿಪ್’ ಎಂಬ ವ್ಯವಸ್ಥೆಯಲ್ಲಿ ಸಂಬಳ ಪಡೆಯುತ್ತಲೇ ಸಮಾಜಕಾರ್ಯ ಪದವಿ ಮುಗಿಸಬಹುದು, ಕಲಿಯುವವರು ಶುಲ್ಕವನ್ನೂ ಕಟ್ಟಬೇಕಾಗಿಲ್ಲ ಎಂದು ಹೇಳಿದಳು. ಇದು ನಿಜವೇ? ನಿಜವಾದರೆ ನನ್ನಂಥವಳು ಅಲ್ಲಿಗೆ ಹೋಗಿ ಸೇರಬಹುದೇ? ಅಥವಾ ನಮ್ಮ ಭಾಗದಲ್ಲಿಯೇ ಇದನ್ನು ಹೋಲುವ ದಾರಿ ಏನಾದರೂ ಇದೆಯೇ? ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ: ರಾಣೆಬೆನ್ನೂರಿನವಳು, ಈಗ ಇಂಗ್ಲೆಂಡಿನಲ್ಲಿ

ತಂಗಿ, ನಿಮ್ಮ ಚಿಕ್ಕಮ್ಮನ ಮಗಳು ಹೇಳಿದ್ದು ನಿಜ. ನಾನು ಅದೇ ದಾರಿಯಲ್ಲಿ ಪದವಿ ಪಡೆದವಳು. ಆದರೆ ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ‘ಇಲ್ಲ’ ಎಂಬುದೇ ಆಗಿದೆ, ಮತ್ತು ಆ ಉತ್ತರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಪ್ರೆಂಟಿಸ್‌ಶಿಪ್‌ನ ವೆಚ್ಚವನ್ನು ಇಲ್ಲಿಯ ಸಾರ್ವಜನಿಕ ನಿಧಿಯಿಂದ ಭರಿಸಬೇಕಾದರೆ ಕಲಿಯುವವರು ಸಾಮಾನ್ಯವಾಗಿ ಅದಕ್ಕೂ ಮುಂಚಿನ ಮೂರು ವರ್ಷ ಇಲ್ಲಿಯೇ ವಾಸವಾಗಿರಬೇಕು, ಜೊತೆಗೆ ಇಲ್ಲಿ ದುಡಿಯುವ ಹಕ್ಕೂ ಇರಬೇಕು. ಊರಿನಿಂದ ಹೊರಟು ಬಂದು ನೇರವಾಗಿ ಸೇರುವ ದಾರಿ ಇದಲ್ಲ. ‘ಅಪ್ರೆಂಟಿಸ್ ವೀಸಾ ಕೊಡಿಸುತ್ತೇವೆ’ ಎನ್ನುವ ಏಜೆಂಟರು ಹುಬ್ಬಳ್ಳಿಯಲ್ಲಿ ಸಿಕ್ಕರೆ ಅವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ನಾನು 2010ರಲ್ಲಿ ಪತಿಯೊಡನೆ ಇಲ್ಲಿಗೆ ಬಂದೆ. ಮೊದಲು ವೃದ್ಧಾಶ್ರಮದಲ್ಲಿ ಆರೈಕೆಯ ಕೆಲಸ, ಆಮೇಲೆ ಒಂದು ಸ್ಥಳೀಯ ಆಡಳಿತದಲ್ಲಿ ಕಷ್ಟದಲ್ಲಿರುವ ಕುಟುಂಬಗಳ ಮನೆಗೆ ಹೋಗಿ ನೆರವಾಗುವ ಕೆಲಸ. ಅಪ್ರೆಂಟಿಸ್ ಆದದ್ದು 2020ರಲ್ಲಿ. ಇಲ್ಲಿ ಮೊದಲು ಕೆಲಸ, ಅನಂತರ ವಿಶ್ವವಿದ್ಯಾಲಯ. ನಿಮ್ಮನ್ನು ಆರಿಸುವುದು ನಿಮಗೆ ಸಂಬಳ ಕೊಡುವವರು. ಅವರು ಕಳುಹಿಸಿದವರನ್ನು ವಿಶ್ವವಿದ್ಯಾಲಯ ತನ್ನ ಅರ್ಹತೆಗಳನ್ನು ನೋಡಿ ಸೇರಿಸಿಕೊಳ್ಳುತ್ತದೆ. ಹಣದ ಮೂಲವೂ ಅದಕ್ಕೆ ತಕ್ಕಂತಿದೆ: ವರ್ಷಕ್ಕೆ 30 ಲಕ್ಷ ಪೌಂಡ್‌ಗಿಂತ ಹೆಚ್ಚು ಸಂಬಳ ಹಂಚುವ ಮಾಲೀಕರು, ಹೆಚ್ಚಿನ ಮೊತ್ತದ ಮೇಲೆ ಶೇಕಡಾ 0.5ರಷ್ಟು ತರಬೇತಿ ತೆರಿಗೆ ಕಟ್ಟಬೇಕೆಂಬ ನಿಯಮ 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು, ಮತ್ತು ಹಾಗೆ ಕಟ್ಟಿದ ಹಣವನ್ನು ಅವರು ತಮ್ಮ ನೌಕರರ ತರಬೇತಿಗೆ ಬಳಸಿಕೊಳ್ಳಬಹುದು. ಹೇಗೂ ಕಟ್ಟಲೇಬೇಕಾದ ಹಣವಾದ್ದರಿಂದ ದೊಡ್ಡ ಸ್ಥಳೀಯ ಆಡಳಿತಗಳಿಗೆ ಇದರಲ್ಲಿ ಆಸಕ್ತಿ ಹುಟ್ಟಿತು. ಇದರಲ್ಲಿ ದಾನಬುದ್ಧಿಯನ್ನು ಹುಡುಕಬೇಕಾಗಿಲ್ಲ.

ಪದವಿಗೆ ಸಾಮಾನ್ಯವಾಗಿ ಮೂರು ವರ್ಷ ಹಿಡಿಯುತ್ತದೆ. ಅದರಲ್ಲಿ 200 ದಿನಗಳ ವೃತ್ತಿ ಅಭ್ಯಾಸ ಕಡ್ಡಾಯ. ಆ ಪೈಕಿ 30 ದಿನಗಳವರೆಗೆ ಕೌಶಲ ತರಗತಿಗಳಿರಬಹುದು. ಉಳಿದ ದಿನಗಳನ್ನು ಒಂದಕ್ಕೊಂದು ಭಿನ್ನವಾದ ಕನಿಷ್ಠ ಎರಡು ಕಡೆ ಕಳೆಯಬೇಕು, ಅವುಗಳಲ್ಲಿ ಒಂದಾದರೂ ಕಾನೂನು ವಿಧಿಸಿದ ಸಮಾಜಕಾರ್ಯ ನಡೆಯುವ ಜಾಗವಾಗಿರಬೇಕು. ನನ್ನನ್ನು ಮಕ್ಕಳ ವಿಭಾಗದಿಂದ ವಯಸ್ಸಾದವರ ವಿಭಾಗಕ್ಕೆ ಕಳುಹಿಸಿದರು. ಇಷ್ಟು ವರ್ಷಗಳ ಅನುಭವವಿದೆಯೆಂಬ ಜಂಬದಿಂದ ಹೋದವಳು, ಮರೆವಿನ ಕಾಯಿಲೆಯ ಅಜ್ಜಿಯೊಬ್ಬರ ಮನೆಯಲ್ಲಿ ಅವರನ್ನು ಬಿಟ್ಟು ಅವರ ಮಗನೊಡನೆಯೇ ಮುಕ್ಕಾಲು ಗಂಟೆ ಮಾತನಾಡಿ ಎದ್ದುಬಂದೆ. ನನ್ನ ಜೊತೆಗಿದ್ದ ಮಾರ್ಗದರ್ಶಿ ಕಾರಿನಲ್ಲಿ ಕುಳಿತ ಮೇಲೆ ಕೇಳಿದ್ದು ಒಂದೇ: “ಅಜ್ಜಿಯ ಧ್ವನಿ ಹೇಗಿತ್ತು?” ನನಗೆ ಗೊತ್ತಿರಲಿಲ್ಲ. ನಾಲ್ಕಾರು ವರ್ಷ ದುಡಿದರೂ ನನಗೆ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ.

ಪದವಿ ಮುಗಿದ ಮೇಲೆ ‘ಸೋಷಿಯಲ್ ವರ್ಕ್ ಇಂಗ್ಲೆಂಡ್’ ಎಂಬ ನಿಯಂತ್ರಣ ಸಂಸ್ಥೆಯಲ್ಲಿ ನೋಂದಣಿ ಮಾಡಿಸಬೇಕು. ಆ ಸಂಸ್ಥೆ ಈ ಹೊಣೆ ಹೊತ್ತದ್ದು 2019ರ ಡಿಸೆಂಬರ್‌ನಲ್ಲಿ. ನೋಂದಣಿ ಇಲ್ಲದವರು ತಮ್ಮನ್ನು ‘ಸೋಷಿಯಲ್ ವರ್ಕರ್’ ಎಂದು ಕರೆದುಕೊಳ್ಳಬಾರದೆಂಬ ನಿರ್ಬಂಧ ಮಾತ್ರ 2005ರಿಂದಲೇ ಇದೆ. ಹೊರದೇಶದಲ್ಲಿ ಸಮಾಜಕಾರ್ಯ ಓದಿದವರೂ ಈ ನೋಂದಣಿಗೆ ಅರ್ಜಿ ಹಾಕಬಹುದು. ಆದ್ದರಿಂದ ಮುಂದೊಂದು ದಿನ ನೀವು ಇತ್ತ ಬರುವುದಾದರೂ, ಅದು ಅಲ್ಲಿ ಎಂ.ಎಸ್.ಡಬ್ಲ್ಯೂ. ಮುಗಿಸಿದ ಮೇಲಿನ ಮಾತು.

ಉತ್ತರ: ನಿವೃತ್ತ ಉಪನ್ಯಾಸಕ, ಧಾರವಾಡ

ಮೇಲಿನ ಸಹೋದರಿಯ ಉತ್ತರದಲ್ಲಿ ನನಗೆ ಮುಖ್ಯವೆನಿಸಿದ್ದು ಸಂಬಳದ ವಿಷಯವಲ್ಲ, ಕಾರಿನಲ್ಲಿ ಕೇಳಿದ ಆ ಪ್ರಶ್ನೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕಾನೂನಿನ ಸಂಗತಿ. ನಮ್ಮಲ್ಲಿ 1961ರ ಅಪ್ರೆಂಟಿಸ್ ಕಾಯ್ದೆ ಇದೆ, 2014ರ ತಿದ್ದುಪಡಿಯ ನಂತರ ಎಂಜಿನಿಯರಿಂಗ್ ಅಲ್ಲದ ಪದವೀಧರರಿಗೂ ಅದರಲ್ಲಿ ಅವಕಾಶವಾಗಿದೆ, 2019ರ ನಿಯಮಗಳಲ್ಲಿ ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಶಿಷ್ಯವೇತನವನ್ನು ಗೊತ್ತುಪಡಿಸಲಾಯಿತು. 2020ರಲ್ಲಿ ಯು.ಜಿ.ಸಿ.ಯು (ವಿಶ್ವವಿದ್ಯಾಲಯ ಅನುದಾನ ಆಯೋಗ) ಪದವಿಯೊಳಗೇ ಕನಿಷ್ಠ ಒಂದು ಸೆಮಿಸ್ಟರ್‌ನಷ್ಟು ಅಪ್ರೆಂಟಿಸ್ ತರಬೇತಿಯನ್ನು ಸೇರಿಸಲು ಮಾರ್ಗಸೂಚಿಯನ್ನೂ ಹೊರಡಿಸಿತು. ಕಾಗದದ ಮೇಲೆ ಇವೆಲ್ಲ ಚೆನ್ನಾಗಿವೆ. ಆದರೆ ಪದವಿಯ ನಂತರ ಒಂದು ವರ್ಷಕ್ಕಿಂತ ಹೆಚ್ಚು ಕೆಲಸ ಮಾಡಿದವರನ್ನು ಈ ಯೋಜನೆಯಲ್ಲಿ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ನಾಲ್ಕು ವರ್ಷದ ಅನುಭವ ಇಂಗ್ಲೆಂಡಿನಲ್ಲಿ ಅರ್ಹತೆಯಾದರೆ, ಇಲ್ಲಿ ಅದೇ ಅಡ್ಡಿಯಾಗುತ್ತದೆ.

ನಮ್ಮಲ್ಲಿ ಸಮಾಜಕಾರ್ಯಕ್ಕೆ ವೈದ್ಯರಿಗೋ ವಕೀಲರಿಗೋ ಇರುವಂಥ ನೋಂದಣಿ ಪರಿಷತ್ತು ಇಲ್ಲ. ಬಾಲನ್ಯಾಯ ಕಾಯ್ದೆ 2015ರ ಪ್ರಕಾರ ಬಾಲನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜ ಕಾರ್ಯಕರ್ತರು ಕುಳಿತುಕೊಳ್ಳುತ್ತಾರೆ, ಅವರಲ್ಲಿ ಒಬ್ಬರು ಮಹಿಳೆಯಾಗಿರಬೇಕು. ಅವರಿಗೆ ಮಕ್ಕಳ ಆರೋಗ್ಯ, ಶಿಕ್ಷಣ ಅಥವಾ ಕಲ್ಯಾಣ ಕ್ಷೇತ್ರದಲ್ಲಿ ಏಳು ವರ್ಷಗಳ ಸಕ್ರಿಯ ಅನುಭವ ಇರಬೇಕು, ಇಲ್ಲವೇ ಮಕ್ಕಳ ಮನಶ್ಶಾಸ್ತ್ರ, ಮನೋವೈದ್ಯಕೀಯ, ಸಮಾಜಶಾಸ್ತ್ರ ಅಥವಾ ಕಾನೂನಿನ ಪದವಿಯೊಡನೆ ಅವರು ವೃತ್ತಿನಿರತರಾಗಿರಬೇಕು. ಆ ಪಟ್ಟಿಯಲ್ಲಿ ಸಮಾಜಕಾರ್ಯ ಪದವಿಯ ಹೆಸರೇ ಇಲ್ಲ! ಮೂವತ್ತು ವರ್ಷ ಅದನ್ನೇ ಕಲಿಸಿದವನಿಗೆ ಇದನ್ನು ಓದಿದಾಗಲೆಲ್ಲ ನಗು ಬರುತ್ತದೆ, ಸ್ವಲ್ಪ ಸಿಟ್ಟೂ ಬರುತ್ತದೆ. ಇದಕ್ಕೆ ವಿರುದ್ಧವಾಗಿ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರೆಂದರೆ ಯಾರೆಂಬುದನ್ನು ಬಿಗಿಯಾಗಿ ಹೇಳಿದೆ: ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿಯ ಮೇಲೆ, ಮೇಲ್ವಿಚಾರಣೆಯಲ್ಲಿ ನಡೆಯುವ ಎರಡು ವರ್ಷಗಳ ಪೂರ್ಣಾವಧಿ ಎಂ.ಫಿಲ್. ಆಗಿರಬೇಕು. ಆದ್ದರಿಂದ ನಿಮ್ಮ ಮನಸ್ಸು ಧಾರವಾಡದ ಡಿಮ್ಹಾನ್ಸ್‌ನಂಥ ಮಾನಸಿಕ ಆರೋಗ್ಯ ಸಂಸ್ಥೆಯ ಕಡೆಗಿದ್ದರೆ ಲೆಕ್ಕ ಬೇರೆ, ಮಕ್ಕಳ ಪಾಲನೆಯಲ್ಲಿಯೇ ಮುಂದುವರಿಯುವುದಿದ್ದರೆ ಲೆಕ್ಕ ಬೇರೆ.

ಇನ್ನು ಓದಿನ ವಿಷಯ. ಯಾವುದೇ ವಿಷಯದಲ್ಲಿ ಪದವಿ ಪಡೆದವರೂ ಎಂ.ಎಸ್.ಡಬ್ಲ್ಯೂ.ಗೆ ಸೇರಬಹುದು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯ ವಿಭಾಗವಿದೆ, ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದಲ್ಲಿಯೂ ಈ ಕೋರ್ಸ್ ಇದೆ. ತರಗತಿಯ ಜೊತೆಗೆ ವಾರಕ್ಕೆ ಎರಡು ದಿನ ಕ್ಷೇತ್ರಕಾರ್ಯ, ಹಳ್ಳಿಯಲ್ಲಿ ಶಿಬಿರ, ಕೊನೆಯಲ್ಲಿ ಒಂದೇ ಸಂಸ್ಥೆಯಲ್ಲಿ ಸತತವಾಗಿ ಕೆಲವು ವಾರ ತರಬೇತಿ. ಆ ಎರಡು ದಿನಗಳಿಗೆ ವಿದ್ಯಾರ್ಥಿಗೆ ಒಂದು ಪೈಸೆಯೂ ಸಿಗುವುದಿಲ್ಲ, ಚಿಗರಿ ಬಸ್ಸಿನ ಟಿಕೆಟ್ಟೂ ಅವರದೇ. 1936ರಲ್ಲಿ ಮುಂಬಯಿಯಲ್ಲಿ ದೇಶದ ಮೊದಲ ಸಮಾಜಕಾರ್ಯ ಶಾಲೆ ಆರಂಭವಾಗಿ ಇಷ್ಟು ಕಾಲವಾದರೂ, ಕಲಿಯುವವರ ಮನೆಯ ಒಲೆ ಹೇಗೆ ಉರಿಯಬೇಕೆಂಬ ಪ್ರಶ್ನೆಯನ್ನು ನಾವು ಅಧ್ಯಾಪಕರು ಸರಿಯಾಗಿ ಎತ್ತಲೇ ಇಲ್ಲ. ಇದು ನಮ್ಮ ತಪ್ಪು.

ಈಗ ಕಾರಿನ ಪ್ರಶ್ನೆಗೆ ಬರುತ್ತೇನೆ. ನನ್ನ ವಿದ್ಯಾರ್ಥಿಯೊಬ್ಬ ನವಲಗುಂದದ ಕಡೆ ಗೃಹಭೇಟಿಗೆ ಹೋಗಿ ಬಂದು ‘ಕುಟುಂಬದವರು ಸಹಕರಿಸಲಿಲ್ಲ’ ಎಂದು ಒಂದೇ ಸಾಲು ಬರೆದಿದ್ದ. ನೀನು ಎಷ್ಟು ಗಂಟೆಗೆ ಹೋಗಿದ್ದೆ, ಬಾಗಿಲು ತೆರೆದವರು ಯಾರು, ನಿನ್ನನ್ನು ಎಲ್ಲಿ ಕೂರಿಸಿದರು, ನೀರು ಕೊಟ್ಟರೋ ಇಲ್ಲವೋ ಎಂದು ಕೇಳುತ್ತ ಹೋದಾಗ ತಿಳಿದದ್ದೇನೆಂದರೆ, ಮೆಣಸಿನಕಾಯಿ ಬಿಡಿಸುವ ಹೊತ್ತಿನಲ್ಲಿ ಇವನು ಹೋಗಿದ್ದಾನೆ, ಆ ತಾಯಿಗೆ ಅರ್ಧ ದಿನದ ಕೂಲಿ ಕೈತಪ್ಪುವ ಭಯ. ಅಸಹಕಾರ ಯಾರದು? ಹೀಗೆ ದಾಖಲೆಯನ್ನು ಸಾಲುಸಾಲಾಗಿ ಓದಿ ಪ್ರಶ್ನೆ ಕೇಳುವ ಒಬ್ಬರು ಇದ್ದರೆ ಅದು ತರಬೇತಿ, ಇಲ್ಲದಿದ್ದರೆ ಅದು ಬರೀ ದುಡಿಮೆ. ನೀವು ನಾಲ್ಕು ವರ್ಷ ದುಡಿದಿದ್ದೀರಿ, ನಿಮ್ಮ ಕಡತಗಳನ್ನು ಯಾರಾದರೂ ಹೀಗೆ ಓದಿದ್ದಾರೆಯೇ ಎಂಬುದನ್ನು ಯೋಚಿಸಿ. ಯಾವ ದಾರಿಯನ್ನು ಆರಿಸಿಕೊಂಡರೂ ಅಂಥ ಒಬ್ಬರು ಸಿಗುವಂತೆ ನೋಡಿಕೊಳ್ಳಿ.

ಉತ್ತರ: ಬೆಟಗೇರಿಯಿಂದ

ಸರ್ ಹೇಳಿದ್ದನ್ನು ನಾನು ಪೆಟ್ಟು ತಿಂದು ಕಲಿತವನು. ಗದಗದಲ್ಲಿ ಕೆಲಸ ಮಾಡುತ್ತಲೇ ಇಗ್ನೋ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಮೂಲಕ ಎಂ.ಎಸ್.ಡಬ್ಲ್ಯೂ. ಮುಗಿಸಿದೆ. ಎರಡು ವರ್ಷದ ಕೋರ್ಸ್ ಮುಗಿಸಲು ನನಗೆ ಮೂರು ವರ್ಷ ಹಿಡಿಯಿತು. ದೂರಶಿಕ್ಷಣವೆಂದರೆ ಪುಸ್ತಕ ಓದಿ ಪರೀಕ್ಷೆ ಬರೆದರಾಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕ್ಷೇತ್ರಕಾರ್ಯ ಅಲ್ಲಿಯೂ ಕಡ್ಡಾಯ, ಅದರಲ್ಲಿ ತೇರ್ಗಡೆಯಾಗದೆ ಪದವಿ ಇಲ್ಲ.

ಮೊದಲ ವರ್ಷ ನಾನು ಮಾಡಿದ ತಪ್ಪನ್ನು ಹೇಳುತ್ತೇನೆ. ನಾನು ಕೆಲಸ ಮಾಡುತ್ತಿದ್ದ ಸಂಸ್ಥೆಯ ಮುಖ್ಯಸ್ಥರು, “ಇಲ್ಲಿ ಮಾಡುತ್ತಿರುವುದನ್ನೇ ಕ್ಷೇತ್ರಕಾರ್ಯವೆಂದು ಬರೆದುಕೋ, ನಾನು ಸಹಿ ಹಾಕುತ್ತೇನೆ” ಎಂದರು. ರಜೆ ಉಳಿಯಿತು, ಸಂಬಳ ಉಳಿಯಿತು, ನನಗೂ ಖುಷಿಯಾಯಿತು. ವರ್ಷದ ಕೊನೆಗೆ ದಾಖಲೆ ಪುಸ್ತಕವನ್ನು ತಿರುವಿ ನೋಡಿದಾಗ, ಎಲ್ಲ ವರದಿಗಳೂ ಸ್ವಸಹಾಯ ಸಂಘದ ಸಭೆಯ ನಡಾವಳಿಯಂತೆಯೇ ಇದ್ದವು: ಇಷ್ಟು ಜನ ಹಾಜರಿದ್ದರು, ಇಷ್ಟು ಉಳಿತಾಯವಾಯಿತು. ಸಹಿ ಹಾಕಿದವರು ಒಂದು ಪುಟವನ್ನೂ ಓದಿರಲಿಲ್ಲ. ಎರಡನೆಯ ವರ್ಷ ಹಟ ಹಿಡಿದು ಬೇರೆ ಕಡೆ, ಒಂದು ಆಸ್ಪತ್ರೆಯಲ್ಲಿ, ಕ್ಷೇತ್ರಕಾರ್ಯಕ್ಕೆ ಹೋದೆ. ಇದಕ್ಕೆ ಸಂಸ್ಥೆ ಒಪ್ಪಲಿಲ್ಲ. ವಾರಕ್ಕೆ ಎರಡು ದಿನದಂತೆ ತಿಂಗಳಿಗೆ ಎಂಟು ದಿನಗಳ ಸಂಬಳ ಕಡಿತವಾಯಿತು. ಮನೆಯಲ್ಲಿ ಮಗ್ಗವಿದ್ದುದರಿಂದ ರಾತ್ರಿ ಅಣ್ಣನ ಜೊತೆ ಕುಳಿತು ಸ್ವಲ್ಪ ಸರಿದೂಗಿಸಿದೆ, ಎಲ್ಲರಿಗೂ ಅದು ಸಾಧ್ಯವಿಲ್ಲ. ಆದರೆ ಆಸ್ಪತ್ರೆಯಲ್ಲಿ ಮಾರ್ಗದರ್ಶನ ಮಾಡಿದ ಹಿರಿಯರು ಪ್ರತಿ ಶನಿವಾರ ನನ್ನ ವರದಿಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದ ಪ್ರಶ್ನೆಗಳೇ ನನ್ನ ನಿಜವಾದ ಓದು. ಆ ಪುಸ್ತಕವನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ತಂಗಿ, ನಿಮ್ಮ ಸಂಸ್ಥೆಯವರ ಹತ್ತಿರ ಮೊದಲೇ ಹೋಗಿ ವಾರಕ್ಕೆ ಎರಡು ದಿನ ಬಿಡುವು ಕೇಳಿ. ಅದಕ್ಕೆ ಬದಲಾಗಿ ಭಾನುವಾರವೂ ರಾತ್ರಿ ಪಾಳಿಯಲ್ಲೂ ಕೆಲಸ ಮಾಡುತ್ತೇನೆಂದು ಹೇಳಿ. ಪಾಲನಾ ಸಂಸ್ಥೆಯಲ್ಲಿ ಮಕ್ಕಳು ಇಪ್ಪತ್ತನಾಲ್ಕು ಗಂಟೆಯೂ ಇರುವುದರಿಂದ ಇಂಥ ಹೊಂದಾಣಿಕೆಗೆ ಅವಕಾಶವಿದೆ; ನನ್ನ ಕಚೇರಿಯಲ್ಲಿ ಅದು ಇರಲಿಲ್ಲ.

ಪ್ರತಿಕ್ರಿಯೆ: ಹಳೇ ಹುಬ್ಬಳ್ಳಿಯ ಕಾರ್ಯಕರ್ತೆ

ಮೂವರಿಗೂ ಧನ್ಯವಾದಗಳು. ಸರ್ ಕೇಳಿದ ಪ್ರಶ್ನೆಗೆ ಉತ್ತರ ಹುಡುಕಲು ನಿನ್ನೆ ನನ್ನ ಹಳೆಯ ಹತ್ತು ಕಡತಗಳನ್ನು ತೆಗೆದು ಓದಿದೆ. ಏಳರಲ್ಲಿ ‘ಮಗು ಹೊಂದಿಕೊಂಡಿದೆ’ ಎಂಬ ಒಂದೇ ವಾಕ್ಯವನ್ನು ಬರೆದಿದ್ದೇನೆ. ಹೊಂದಿಕೊಂಡಿತು ಎಂದು ನನಗೆ ಹೇಗೆ ತಿಳಿಯಿತೆಂಬುದನ್ನು ಒಂದರಲ್ಲಿಯೂ ಬರೆದಿಲ್ಲ, ಬರೆಯಬೇಕೆಂದು ಯಾರೂ ಹೇಳಿಯೂ ಇಲ್ಲ.

ಇಂದು ಬೆಳಿಗ್ಗೆ ನಮ್ಮ ಅಧೀಕ್ಷಕಿಯವರೊಡನೆ ಮಾತನಾಡಿದೆ. ಎರಡು ರಾತ್ರಿ ಪಾಳಿ ಮತ್ತು ಭಾನುವಾರ ಒಪ್ಪಿಕೊಂಡರೆ ಗುರುವಾರ, ಶುಕ್ರವಾರ ಬಿಡುತ್ತೇನೆ, ಸಂಬಳ ಕಡಿತ ಮಾಡುವುದಿಲ್ಲ ಎಂದು ಬಾಯಿಮಾತಿನಲ್ಲಿ ಹೇಳಿದ್ದಾರೆ. ದೂರಶಿಕ್ಷಣದಲ್ಲಿಯೇ ಸೇರುವುದೆಂದು ನಿರ್ಧರಿಸಿದ್ದೇನೆ, ಕ್ಷೇತ್ರಕಾರ್ಯವನ್ನು ಮಾತ್ರ ನಮ್ಮ ಸಂಸ್ಥೆಯಲ್ಲಿ ಮಾಡುವುದಿಲ್ಲ. ಸರ್, ತಾವು ಒಪ್ಪುವುದಾದರೆ ತಿಂಗಳಿಗೊಮ್ಮೆ ಧಾರವಾಡಕ್ಕೆ ಬಂದು ನನ್ನ ವರದಿಗಳನ್ನು ತೋರಿಸಬಹುದೇ?

ಉತ್ತರ: ನಿವೃತ್ತ ಉಪನ್ಯಾಸಕ, ಧಾರವಾಡ

ಅವಶ್ಯವಾಗಿ ಬನ್ನಿ, ಭಾನುವಾರ ಬಿಟ್ಟು ಯಾವ ದಿನವಾದರೂ ಆಗಬಹುದು. ಮಕ್ಕಳ ಹೆಸರು, ಊರು, ಶಾಲೆ ಯಾವುದೂ ಆ ಪ್ರತಿಯಲ್ಲಿ ಇರಬಾರದು, ಅವುಗಳನ್ನು ತೆಗೆದ ಮೇಲೆಯೇ ತನ್ನಿ.

ಉತ್ತರ: ಬೆಟಗೇರಿಯಿಂದ

ಅಧೀಕ್ಷಕಿಯವರ ಮಾತನ್ನು ಪತ್ರದಲ್ಲಿ ಬರೆಸಿಕೊಳ್ಳಿ, ಅದರಲ್ಲಿ ‘ಗುರುವಾರ, ಶುಕ್ರವಾರ’ ಎಂದು ವಾರದ ಹೆಸರೇ ಇರಲಿ. ‘ವಾರಕ್ಕೆ ಎರಡು ದಿನ’ ಎಂದಷ್ಟೇ ಇದ್ದರೆ ಸಮಿತಿಯ ಸಭೆ ಬಂದ ವಾರ ಆ ಎರಡು ದಿನ ಸಿಗುವುದಿಲ್ಲ.