ಬ್ರಿಟನ್ನಿನಲ್ಲಿ ಹಳೆಯ ಕಾರು, ‘ಕಟ್ಟಿದ ತೆರಿಗೆ’ ಮತ್ತು ಕ್ಯಾಮೆರಾ: ಅನುಭವ ಹಂಚಿಕೊಳ್ಳಿ

ರೀಡಿಂಗ್‌ನಿಂದ, ಪ್ರಶ್ನೆ:
ನಮಸ್ಕಾರ. ಬೆಂಗಳೂರಿನಿಂದ ಇಲ್ಲಿಗೆ ಬಂದು ಎಂಟು ತಿಂಗಳಾಯಿತು. ಈಚೆಗೆ ಒಬ್ಬರಿಂದ ಹಳೆಯ ಕಾರೊಂದನ್ನು ಕೊಂಡೆ. ‘ಮಾರ್ಚ್‌ವರೆಗೆ ತೆರಿಗೆ ಕಟ್ಟಿದೆ’ ಎಂದು ಅವರು ಹೇಳಿದ್ದನ್ನು ನಂಬಿ, ವಿಮೆಯನ್ನಷ್ಟೇ ಮಾಡಿಸಿ ಓಡಿಸುತ್ತಿದ್ದೆ. ಈಗ ಕಾರಿಗೆ ತೆರಿಗೆಯೇ ಇಲ್ಲವೆಂದು 80 ಪೌಂಡ್ ದಂಡದ ಪತ್ರ ಬಂದಿದೆ. ಹೆದ್ದಾರಿಯ ಕ್ಯಾಮೆರಾಗಳು ನನ್ನ ಕಾರನ್ನು ದಿನವೂ ಕಂಡಿರಬೇಕು. ಹಾಗಾದರೆ ದಿನಕ್ಕೊಂದು ಪತ್ರ ಬರುತ್ತದೆಯೇ? ಜುಲೈನಲ್ಲಿ ಎರಡು ತಿಂಗಳು ಶಿವಮೊಗ್ಗಕ್ಕೆ ಹೋಗುವವನಿದ್ದೇನೆ. ಕಾರು ಮನೆಯ ಮುಂದೆ ಸುಮ್ಮನೆ ನಿಂತಿದ್ದರೂ ತೆರಿಗೆ ಕಟ್ಟಬೇಕೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಲೆಸ್ಟರ್‌ನಿಂದ:
ಇದೇ ಹೊಂಡಕ್ಕೆ ನಾನೂ 2016ರಲ್ಲಿ ಬಿದ್ದಿದ್ದೆ. ನಮ್ಮ ರಾಜ್ಯದಲ್ಲಿ ಕಾರು ನೋಂದಣಿಯಾಗುವಾಗಲೇ ಆಜೀವ ತೆರಿಗೆಯನ್ನು ಕಟ್ಟಿಬಿಡುತ್ತೇವೆ. ಆಮೇಲೆ ರಾಜ್ಯದೊಳಗೆ ಅದು ಎಷ್ಟು ಕೈ ಬದಲಾದರೂ ಹೊಸಬರು ಮತ್ತೆ ಕಟ್ಟಬೇಕಾಗಿಲ್ಲ. ಆ ರೂಢಿಯಲ್ಲಿ ಬೆಳೆದವರಿಗೆ ‘ತೆರಿಗೆ ಕಟ್ಟಿದೆ’ ಎಂಬ ಮಾತು, ಟೈರು ಹೊಸದು ಎಂಬ ಮಾತಿನಷ್ಟೇ ಸಹಜವಾಗಿ ಕೇಳಿಸುತ್ತದೆ. ಮಾರಿದವರು ಸುಳ್ಳು ಹೇಳಿದರೆಂದೂ ಅಲ್ಲ, ಹಿಂದೆ ಇಲ್ಲಿಯೂ ಹಾಗೆಯೇ ಇತ್ತು. 1921ರಿಂದ ಮುಂಗಾಜಿಗೆ ಅಂಟಿಸುತ್ತಿದ್ದ, ತೆರಿಗೆ ಕಟ್ಟಿದ್ದಕ್ಕೆ ಗುರುತಾದ ಕಾಗದದ ಬಿಲ್ಲೆಯ ಸಮೇತ ಕಾರನ್ನು ಮಾರಬಹುದಾಗಿತ್ತು, ಉಳಿದ ತಿಂಗಳುಗಳ ತೆರಿಗೆ ಕೊಂಡವರ ಪಾಲಾಗುತ್ತಿತ್ತು. 2014ರ ಅಕ್ಟೋಬರ್ 1ರಂದು ಬಿಲ್ಲೆ ಹೋಯಿತು, ಅದರ ಜೊತೆಗೆ ಈ ಅನುಕೂಲವೂ ಹೋಯಿತು. ಈಗ ಮಾರಾಟದ ವಿಷಯ ಸ್ವಾನ್ಸಿಯಲ್ಲಿರುವ ವಾಹನ ನೋಂದಣಿ ಸಂಸ್ಥೆಯಾದ ಡಿವಿಎಲ್‌ಎಗೆ ತಿಳಿದೊಡನೆ ಹಳೆಯ ತೆರಿಗೆ ರದ್ದಾಗುತ್ತದೆ ಮತ್ತು ಉಳಿದ ಪೂರ್ಣ ತಿಂಗಳುಗಳ ಹಣ ಮಾರಿದವರಿಗೆ ಮರಳುತ್ತದೆ. ಕೊಂಡವರು ಮಾತ್ರ ತಿಂಗಳ ಮೊದಲ ದಿನದಿಂದ ಲೆಕ್ಕ ಹಿಡಿದು ಕಟ್ಟಬೇಕು. ತಿಂಗಳ ನಡುವೆ ವ್ಯವಹಾರ ನಡೆದರೆ ಆ ಒಂದು ತಿಂಗಳಿಗೆ ಸರ್ಕಾರಕ್ಕೆ ಇಬ್ಬರಿಂದಲೂ ಹಣ ಸಂದಾಯವಾಗುತ್ತದೆ, ಇದು ನ್ಯಾಯವೆಂದು ನನಗೆ ಇಂದಿಗೂ ಅನ್ನಿಸಿಲ್ಲ.

ನೀವು ಮಾಡಬೇಕಾದದ್ದು: ಪತ್ರದಲ್ಲಿ ಕೊಟ್ಟಿರುವ 33 ದಿನಗಳೊಳಗೆ ಪಾವತಿಸಿದರೆ 80 ಪೌಂಡ್ 40ಕ್ಕೆ ಇಳಿಯುತ್ತದೆ. ಆದರೆ ದಂಡ ಕಟ್ಟಿದ ಮಾತ್ರಕ್ಕೆ ತೆರಿಗೆ ಕಟ್ಟಿದಂತಾಗುವುದಿಲ್ಲ, ಅದನ್ನು ಇಂದೇ ಬೇರೆಯಾಗಿ ಕಟ್ಟಿ. ಲಾಗ್ ಬುಕ್ (ಕಾರಿನ ನೋಂದಣಿ ಪತ್ರ) ಇನ್ನೂ ನಿಮ್ಮ ಹೆಸರಿಗೆ ಬಂದಿರದಿದ್ದರೆ, ಮಾರಿದವರು ಹರಿದು ಕೊಟ್ಟ ಹೊಸ ಮಾಲೀಕರ ಚೀಟಿಯಲ್ಲಿರುವ 12 ಅಂಕಿಗಳ ಸಂಖ್ಯೆ ಸಾಕು.

ಮಿಲ್ಟನ್ ಕೀನ್ಸ್‌ನಿಂದ:
ಕ್ಯಾಮೆರಾದ ಬಗ್ಗೆ ಒಂದು ಮಾತು. ನಿಮಗೆ ಬಂದಿರುವ ಬಗೆಯ ಪತ್ರಕ್ಕೆ ಕ್ಯಾಮೆರಾವೇ ಬೇಕಾಗಿಲ್ಲ. ನೋಂದಣಿಯ ಕಡತದಲ್ಲಿ ಒಂದು ಕಾರಿಗೆ ತೆರಿಗೆಯೂ ಇಲ್ಲ, ‘ರಸ್ತೆಗಿಳಿಸುವುದಿಲ್ಲ’ ಎಂಬ ಸಾರ್ನ್ ಘೋಷಣೆಯೂ ಇಲ್ಲವೆಂದು ಕಂಡರೆ, ಕಂಪ್ಯೂಟರೇ ನೋಂದಾಯಿತ ಹೆಸರಿಗೆ ದಂಡದ ಪತ್ರ ಕಳಿಸುತ್ತದೆ. ಕಾರು ಒಂದು ಅಡಿಯೂ ಕದಲಿರಬೇಕಾಗಿಲ್ಲ. ಆದ್ದರಿಂದ ದಿನಕ್ಕೊಂದು ಪತ್ರದ ಭಯ ಬಿಡಿ. ಕ್ಯಾಮೆರಾ ಕೆಲಸಕ್ಕೆ ಬರುವುದು ಕಾರು ರಸ್ತೆಯಲ್ಲಿತ್ತು ಎಂಬುದಕ್ಕೆ. ಹಾಗೆ ಸಿಕ್ಕಿಬಿದ್ದರೆ ನ್ಯಾಯಾಲಯದ ಹೊರಗಿನ ಇತ್ಯರ್ಥಕ್ಕೆ 30 ಪೌಂಡ್ ಮತ್ತು ಬಾಕಿ ತೆರಿಗೆಯ ಒಂದೂವರೆ ಪಟ್ಟು ಕೇಳುತ್ತಾರೆ. ಸಾರ್ನ್ ಘೋಷಿಸಿಯೂ ಓಡಿಸಿದ್ದರೆ ಎರಡು ಪಟ್ಟು. ನಂಬರ್ ಪ್ಲೇಟುಗಳನ್ನು ತಾನಾಗಿ ಓದುವ ಪೊಲೀಸರ ಎಎನ್‌ಪಿಆರ್ ಕ್ಯಾಮೆರಾ ಜಾಲದಲ್ಲಿ ಓದಿಕೊಂಡ ನಂಬರ್‌ಗಳು, ತಪ್ಪು ಮಾಡಿದವರದಾಗಲಿ ಮಾಡದವರದಾಗಲಿ, ಸಾಮಾನ್ಯವಾಗಿ ಒಂದು ವರ್ಷ ಉಳಿಯುತ್ತವೆ. ತೆರಿಗೆಗಿಂತ ಈ ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ, ಆದರೆ ಅದು ನಿಮ್ಮ ಪ್ರಶ್ನೆಯಲ್ಲ.

ಲೀಡ್ಸ್‌ನಿಂದ:
ಶಿವಮೊಗ್ಗಕ್ಕೆ ಹೊರಡುವ ಮುನ್ನ ಒಂದು ವಿಷಯ ನೋಡಿಕೊಳ್ಳಿ: ‘ಮನೆಯ ಮುಂದೆ’ ಎಂದರೆ ನಿಮ್ಮ ಸ್ವಂತ ಅಂಗಳವೋ, ಬೀದಿಯೋ? ಸಾರ್ನ್ ಉಚಿತ, ವಿಮೆಯೂ ಕಡ್ಡಾಯವಲ್ಲ. ಆದರೆ ಕಾರು ಖಾಸಗಿ ಜಾಗದಲ್ಲಿಯೇ ಇರಬೇಕು. ಇದು ತಿಳಿಯದೆ ನಾನು ಬೀದಿಯಲ್ಲಿ ನಿಲ್ಲಿಸಿ ಮೈಸೂರಿಗೆ ಹೋಗಿದ್ದೆ. ಚಕ್ರಕ್ಕೆ ಕ್ಲ್ಯಾಂಪ್ ಹಾಕಿದ ಚಿತ್ರವನ್ನು ಪಕ್ಕದ ಮನೆಯವರು ಕಳಿಸಿದಾಗ ನಾನು ಮದುವೆಯ ಊಟಕ್ಕೆ ಕುಳಿತಿದ್ದೆ. ಕ್ಲ್ಯಾಂಪ್ ಬಿಡಿಸಲು 100 ಪೌಂಡ್, ತೆರಿಗೆ ಕಟ್ಟಿರದಿದ್ದರೆ ಮೇಲೆ 160 ಪೌಂಡ್ ಠೇವಣಿ. 15 ದಿನಗಳಲ್ಲಿ ತೆರಿಗೆ ಕಟ್ಟಿದ್ದನ್ನು ತೋರಿಸಿದರೆ ಠೇವಣಿ ವಾಪಸ್ಸು ಬರುತ್ತದೆ. ಬಿಡಿಸದೆ ಇದ್ದರೆ ಕಾರನ್ನೇ ಎತ್ತಿಕೊಂಡು ಹೋಗುತ್ತಾರೆ, ಆಮೇಲೆ ದಿನಕ್ಕೆ 21 ಪೌಂಡ್ ನಿಲುಗಡೆ ಶುಲ್ಕವೂ ಸೇರುತ್ತದೆ.

ಕಾರ್ಡಿಫ್‌ನಿಂದ:
ಮೇಲಿನದೆಲ್ಲ ಸರಿ. ‘ತೆರಿಗೆ ಮರುಪಾವತಿ’ ಎಂದು ಮೊಬೈಲ್‌ಗೆ ಬರುವ ಕೊಂಡಿಗಳನ್ನು ಒತ್ತಬೇಡಿ, ಅವು ಮೋಸದವು. ವಿದ್ಯುತ್ ಕಾರು ಕೊಳ್ಳುವ ಯೋಚನೆಯಿದ್ದವರಿಗೂ ಒಂದು ಮಾತು: 2025ರ ಏಪ್ರಿಲ್ 1ರಿಂದ ಅವುಗಳಿಗೂ ತೆರಿಗೆ ಇದೆ.

ರೀಡಿಂಗ್‌ನಿಂದ:
ಎಲ್ಲರಿಗೂ ಕೃತಜ್ಞತೆಗಳು. ಮಧ್ಯಾಹ್ನವೇ ಅಂಚೆ ಕಚೇರಿಗೆ ಹೋಗಿ ಆ ಚೀಟಿ ತೋರಿಸಿ ತೆರಿಗೆ ಕಟ್ಟಿ, ಮನೆಗೆ ಬಂದು 40 ಪೌಂಡ್ ದಂಡವನ್ನೂ ಪಾವತಿಸಿದೆ. ನಮ್ಮದು ಬೀದಿಯ ಮನೆ, ಅಂಗಳವಿಲ್ಲ. ಸ್ಲೌನಲ್ಲಿರುವ ಭಾವನವರು ತಮ್ಮ ಅಂಗಳದಲ್ಲಿ ಎರಡು ತಿಂಗಳು ಕಾರು ನಿಲ್ಲಿಸಲು ಒಪ್ಪಿದ್ದಾರೆ. ಕಾರನ್ನು ಅಲ್ಲಿಗೆ ಮುಟ್ಟಿಸಿದ ಮೇಲೆಯೇ ಸಾರ್ನ್ ಘೋಷಿಸುತ್ತೇನೆ.