ಅಡುಗೆಯನ್ನು ಪ್ರೀತಿಸುವವರಿಗೆ ದೀಪಾವಳಿಯ ಉಡುಗೊರೆ: ತಲಾ 500 ರೂಪಾಯಿಯೊಳಗೆ ಏನು ಕೊಡಬಹುದು?

ಪ್ರಶ್ನೆ (ಕಾಸರಗೋಡು ಜಿಲ್ಲೆಯ ಪೆರ್ಲದಿಂದ)

ಎಲ್ಲರಿಗೂ ನಮಸ್ಕಾರ. ಈ ಸಲದ ದೀಪಾವಳಿಗೆ ನಮ್ಮ ತರವಾಡು ಮನೆಯಲ್ಲಿ ಎಲ್ಲರೂ ಸೇರುವವರಿದ್ದೇವೆ. ಬರುವವರಲ್ಲಿ ನಾಲ್ವರಿಗೆ ಅಡುಗೆಯೆಂದರೆ ಜೀವ: ಬೆಂಗಳೂರಿನಲ್ಲಿರುವ ನನ್ನ ನಾದಿನಿ, ಮದುವೆಯಾಗಿ ಹೊಸೂರಿನಲ್ಲಿ ಸಂಸಾರ ಹೂಡಿ ಆರು ತಿಂಗಳಾದ ತಂಗಿಯ ಮಗಳು, ಕಾಲೇಜಿಗೆ ಹೋಗುತ್ತಾ ಕೇಕು, ಬ್ರೆಡ್ಡು ಮಾಡಲು ಕಲಿಯುತ್ತಿರುವ ಮೈದುನನ ಮಗ, ಮತ್ತು ಎಪ್ಪತ್ತು ದಾಟಿದರೂ ಒಲೆಯ ಬುಡ ಬಿಟ್ಟೇಳದ ನಮ್ಮ ಸೋದರತ್ತೆ. ಒಬ್ಬೊಬ್ಬರಿಗೆ 500 ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವ ಸ್ಥಿತಿಯಲ್ಲಿ ನಾನಿಲ್ಲ. ಆದರೂ ಕೊಟ್ಟದ್ದು ಅವರ ಅಡುಗೆಮನೆಯಲ್ಲಿ ದಿನವೂ ಬಳಕೆಯಾಗಬೇಕೆಂಬ ಆಸೆ ನನಗಿದೆ.

ಕಳೆದ ವರ್ಷ ಆನ್‌ಲೈನ್‌ನಲ್ಲಿ, ದಾರ ಎಳೆದರೆ ತಿರುಗಿ ತರಕಾರಿ ಹೆಚ್ಚುವ ಚಾಪರ್ ಒಂದನ್ನು ತರಿಸಿ ನಾದಿನಿಗೆ ಕೊಟ್ಟಿದ್ದೆ. ಎರಡನೆಯ ವಾರದಲ್ಲಿ ಸುವರ್ಣಗೆಡ್ಡೆ ಹೆಚ್ಚುವಾಗ ಅದರ ದಾರ ತುಂಡಾಯಿತಂತೆ. ನನಗೆ ಬೇಸರವಾದೀತೆಂದು ಅವಳು ಹೇಳಿರಲಿಲ್ಲ. ಮುಂದೆ ಅವಳ ಮನೆಗೆ ಹೋದಾಗ ಕಪಾಟಿನ ಮೂಲೆಯಲ್ಲಿ ನಾನೇ ಕಂಡೆ. ಅಂದಿನಿಂದ ಉಡುಗೊರೆ ಕೊಳ್ಳಲು ಕೈ ಹಿಂಜರಿಯುತ್ತಿದೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ. ಹಬ್ಬಕ್ಕೆ ಇನ್ನೂ ಒಂದು ತಿಂಗಳಿದೆ.

ಉತ್ತರ 1 (ನೀರ್ಚಾಲಿನಿಂದ)

ಅಕ್ಕ, ಒಂದು ತಿಂಗಳಿದೆ ಎಂದಿರಲ್ಲ, ಅದೇ ನಿಮ್ಮ ಬಳಿಯಿರುವ ದೊಡ್ಡ ಬಂಡವಾಳ. ಹೊಸೂರಿನ ಮಗಳಿಗೆ ಬೀಡಿನ (ಎರಕದ ಕಬ್ಬಿಣದ) ಕಾವಲಿ ಕೊಡಿ. ಆದರೆ ಅಂಗಡಿಯಿಂದ ತಂದ ಹಾಗೆಯೇ ಕೊಡದೆ, ಪಳಗಿಸಿ ಕೊಡಿ. ಹತ್ತು ಅಂಗುಲದ ಕಾವಲಿ ನಮ್ಮ ಕಡೆಯ ಪಾತ್ರೆ ಅಂಗಡಿಗಳಲ್ಲಿ 500 ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಹೊಸದಾಗಿ ಸಂಸಾರ ಹೂಡಿದವರು ಅದನ್ನು ಕೊಂಡು, ಮೊದಲ ದಿನವೇ ದೋಸೆ ಹೊಯ್ದು, ದೋಸೆ ಏಳಲಿಲ್ಲವೆಂದು ಬೇಸತ್ತು ಮೂಲೆಗಿಡುವುದನ್ನು ನಾನು ಬಹಳ ಕಡೆ ನೋಡಿದ್ದೇನೆ.

ಪಳಗಿಸುವ ಕ್ರಮ ಹೀಗೆ. ಹೊಸ ಕಾವಲಿಗೆ ತುಕ್ಕು ಹಿಡಿಯದಿರಲೆಂದು ಸಾಮಾನ್ಯವಾಗಿ ಎಣ್ಣೆ ಸವರಿರುತ್ತಾರೆ. ಅದು ಹೋಗುವಂತೆ ಸಾಬೂನು ಮತ್ತು ತೆಂಗಿನ ನಾರಿನಿಂದ ಚೆನ್ನಾಗಿ ಉಜ್ಜಿ, ಅಕ್ಕಿ ತೊಳೆದ ನೀರಿನಲ್ಲಿ ರಾತ್ರಿಯಿಡೀ ಮುಳುಗಿಸಿಡಿ. ಬೆಳಗ್ಗೆ ನೀರು ಕಪ್ಪಾಗಿರುತ್ತದೆ. ನೀರು ಬದಲಿಸಿ ಮೂರು ದಿನ ಹೀಗೆ ಮಾಡಿ. ಪ್ರತಿ ಸಲ ತೊಳೆದ ಕೂಡಲೇ ಒಲೆಯ ಮೇಲಿಟ್ಟು ಪಸೆ ಆರಿಸಿ, ಇಲ್ಲವಾದರೆ ಗಳಿಗೆಯಲ್ಲಿ ತುಕ್ಕು ಕಾಣಿಸಿಕೊಳ್ಳುತ್ತದೆ. ಅನಂತರ ಎಳ್ಳೆಣ್ಣೆಯನ್ನು ಸವರಿ, ಒಣ ಬಟ್ಟೆಯಿಂದ ಪೂರ್ತಿ ಒರಸಿ ತೆಗೆದೆವೋ ಎಂಬಷ್ಟು ತೆಳುವಾಗಿಸಿ, ಹೊಗೆಯಾಡುವವರೆಗೆ ಕಾಯಿಸಿ ಆರಲು ಬಿಡಿ. ದಿನಕ್ಕೊಂದು ಸಲದಂತೆ ಒಂದು ವಾರ ಸಾಕು. ನಮ್ಮ ಮನೆಗಳಲ್ಲಿ ಕೈ ಮೊದಲು ಹೋಗುವುದು ತೆಂಗಿನೆಣ್ಣೆಯ ಕಡೆಗಾದರೂ ಈ ಕೆಲಸಕ್ಕೆ ಅದು ಅಷ್ಟು ಒದಗುವುದಿಲ್ಲ; ಎಳ್ಳೆಣ್ಣೆ ಕಾದಾಗ ಕಬ್ಬಿಣಕ್ಕೆ ಕಚ್ಚಿ ಗಟ್ಟಿಯಾದ ಪೊರೆ ಕಟ್ಟುತ್ತದೆ, ತೆಂಗಿನೆಣ್ಣೆ ಹಾಗೆ ಕಟ್ಟುವುದು ಕಡಿಮೆ. ಎಣ್ಣೆ ಹೆಚ್ಚಾದರೆ ಮಾತ್ರ ಪೊರೆಯ ಬದಲು ಜಿಗುಟು ಉಳಿಯುತ್ತದೆ.

ಕೊನೆಯ ಪರೀಕ್ಷೆ ತೆಳ್ಳವು, ಅಂದರೆ ನೀರುದೋಸೆ. ಕಾದ ಕಾವಲಿಗೆ ಅರ್ಧ ನೀರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜಿದರೆ ಉದ್ದಿನ ದೋಸೆ ಹೇಗೋ ಎದ್ದುಬಿಡುತ್ತದೆ. ನೀರಿನಂತಹ ಹಿಟ್ಟಿನ ತೆಳ್ಳವು ಪಳಗದ ಕಾವಲಿಯಿಂದ ಏಳುವುದೇ ಇಲ್ಲ. ನಾನು ನನ್ನ ತಂಗಿಗೆಂದು ಪಳಗಿಸಿದ ಕಾವಲಿಯಲ್ಲಿ ಹದಿಮೂರನೆಯ ದಿನ ಹೊಯ್ದ ತೆಳ್ಳವಿನ ಅಂಚು ಸುತ್ತಲೂ ತಾನಾಗಿ ಬಿಟ್ಟು ಮೇಲಕ್ಕೆದ್ದಿತು, ಸಟ್ಟುಗ ಹಾಕುವ ಅಗತ್ಯವೇ ಬೀಳಲಿಲ್ಲ. ಅಲ್ಲಿಯವರೆಗೆ ಕಾದು, ಆಮೇಲೆ ಕಾಗದದಲ್ಲಿ ಸುತ್ತಿ ಕೊಡಿ.

ಉತ್ತರ 2 (ಹೊಸೂರಿನಿಂದ)

ನಾನು ಕುಂಬಳೆಯ ಬಳಿ ಹುಟ್ಟಿ ಬೆಳೆದು, ಹದಿನಾಲ್ಕು ವರ್ಷಗಳಿಂದ ಹೊಸೂರಿನಲ್ಲಿದ್ದೇನೆ. ಆದ್ದರಿಂದ ಪಡೆದುಕೊಳ್ಳುವವಳ ಸ್ಥಾನದಲ್ಲಿ ನಿಂತು ಎರಡು ಮಾತು ಹೇಳುತ್ತೇನೆ. ಕಾವಲಿ ಕೊಳ್ಳುವ ಮೊದಲು ಮಗಳ ಮನೆಯ ಒಲೆ ಯಾವುದೆಂದು ವಿಚಾರಿಸಿ. ಇಂಡಕ್ಷನ್ ಒಲೆಯಾದರೆ ಬೀಡಿನ ಕಾವಲಿ ನಡೆಯುತ್ತದೆ, ಆದರೆ ತಳ ಸಮತಟ್ಟಾಗಿರಬೇಕು. ಕಲ್ಲಿನ ಮರಿಗೆ, ಮಣ್ಣಿನ ಪಾತ್ರೆಗಳು ಎಷ್ಟೇ ಚೆನ್ನಾಗಿದ್ದರೂ ಆ ಒಲೆಯ ಮೇಲೆ ಕಾಯುವುದೇ ಇಲ್ಲ.

ಊರು ಬಿಟ್ಟವರಿಗೆ ಪಾತ್ರೆಗಿಂತ ಹೆಚ್ಚು ನೆನಪಾಗುವುದು ಊರಿನ ಸಾಮಾನು. ಇಲ್ಲಿನ ಪೇಟೆಯಲ್ಲಿ ಹುಣಸೆಹುಳಿ ಬೇಕಾದಷ್ಟಿದೆ. ಒಣಗಿಸಿದ ಪುನರ್ಪುಳಿ (ಕೋಕಂ) ಸಿಪ್ಪೆ ಕೇಳಿದರೆ ಅಂಗಡಿಯವರಿಗೆ ಅದು ಏನೆಂದೇ ತಿಳಿಯುವುದಿಲ್ಲ. ನಾಲ್ಕು ಸಿಪ್ಪೆ ನೆನೆಸಿ, ಬೆಲ್ಲ, ಉಪ್ಪು, ಒಂದು ಹಸಿಮೆಣಸು ಹಾಕಿ ಕುದಿಸಿ, ತುಪ್ಪದಲ್ಲಿ ಜೀರಿಗೆ ಒಗ್ಗರಣೆ ಕೊಟ್ಟರೆ ಹತ್ತು ನಿಮಿಷದಲ್ಲಿ ಸಾರು ಸಿದ್ಧ. ಕೆಲಸ ಮುಗಿಸಿ ಸಂಜೆ ಮನೆಗೆ ಬಂದಾಗ ಆ ಕೆಂಪು ಸಾರನ್ನು ಲೋಟದಲ್ಲಿ ಹಿಡಿದು ಕುಳಿತರೆ ನನಗೆ ಅಮ್ಮನ ಅಡುಗೆಮನೆಯಲ್ಲೇ ಇದ್ದಂತಾಗುತ್ತದೆ. ಆದ್ದರಿಂದ ನಾದಿನಿಯವರಿಗೆ ಪುನರ್ಪುಳಿ, ಒಣ ಗಾಂಧಾರಿ ಮೆಣಸು, ಒಂದು ಸುರುಳಿ ಮಾಂಬಳ (ಒಣಗಿಸಿದ ಮಾವಿನ ರಸದ ಹಾಳೆ) ಮತ್ತು ತೋಟದ ಒಳ್ಳೆಮೆಣಸು (ಕರಿಮೆಣಸು) ಕಟ್ಟಿಕೊಡಿ. ಒಳ್ಳೆಮೆಣಸು ಕಾಲು ಕಿಲೋ ಧಾರಾಳವಾಯಿತು. ಅದನ್ನು ಪುಡಿ ಮಾಡದೆ ಕಾಳಾಗಿಯೇ ಕೊಡಿ. ಪುಡಿಯಾದರೆ ಕೆಲವೇ ವಾರಗಳಲ್ಲಿ ಘಮ ಹಾರಿಹೋಗುತ್ತದೆ, ಕಾಳು ಗಾಜಿನ ಬಾಟಲಿಯಲ್ಲಿ ವರ್ಷವಿದ್ದರೂ ಕೆಡುವುದಿಲ್ಲ. ನಿಮ್ಮ ತೋಟದ ಬಳ್ಳಿಯ ತಳಿ ಪನ್ನಿಯೂರೋ ಕರಿಮುಂಡವೋ ಎಂದು ಒಂದು ಚೀಟಿಯಲ್ಲಿ ಬರೆದಿಡಿ. ಪನ್ನಿಯೂರು 1 ತಳಿ ಕಣ್ಣೂರು ಜಿಲ್ಲೆಯ ಪನ್ನಿಯೂರಿನ ಸಂಶೋಧನಾ ಕೇಂದ್ರದಿಂದ 1971ರಲ್ಲಿ ಬಂದದ್ದು. ಅಡುಗೆಯಲ್ಲಿ ಆಸಕ್ತಿಯುಳ್ಳವರಿಗೆ ತಾವು ಹಾಕುವ ಕಾಳಿನ ಹುಟ್ಟೂರು ತಿಳಿಯುವುದು ಸಂತೋಷದ ವಿಷಯ.

ಗಾಣದ ತೆಂಗಿನೆಣ್ಣೆ ಕೊಡುವುದಾದರೆ ಅಗಲ ಬಾಯಿಯ ಬಾಟಲಿಯಲ್ಲಿ ಕೊಡಿ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಬೆಂಗಳೂರಿನ ಚಳಿಗಾಲದಲ್ಲಿ ಸಣ್ಣ ಬಾಯಿಯ ಬಾಟಲಿಯಿಂದ ಹನಿಯೂ ಬೀಳುವುದಿಲ್ಲ.

ಉತ್ತರ 3 (ಮುಳ್ಳೇರಿಯದಿಂದ)

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ. ಉಳಿದಿರುವ ಇಬ್ಬರ ಬಗ್ಗೆ ಬರೆಯುತ್ತೇನೆ. ಕೇಕು ಮಾಡುವ ಹುಡುಗನಿಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಕೊಡಿ. ಐದು ಕಿಲೋದವರೆಗೆ, ಒಂದು ಗ್ರಾಂ ನಿಖರತೆಯಲ್ಲಿ ತೂಗುವಂಥದ್ದು ನಿಮ್ಮ ಮಿತಿಯೊಳಗೇ ಬರುತ್ತದೆ. ಖಾಲಿ ಪಾತ್ರೆಯ ತೂಕ ಕಳೆಯುವ ಗುಂಡಿ ಇದೆಯೇ ಎಂದು ನೋಡಿ ಕೊಳ್ಳಿ. ಒಂದು ಕಪ್ ಮೈದಾ ಸಡಿಲವಾಗಿ ತುಂಬಿದರೆ 120 ಗ್ರಾಂ, ಒತ್ತಿ ತುಂಬಿದರೆ 150 ಗ್ರಾಂ ಆಗುವುದುಂಟು. ಕಲಿಯುವವರ ಕೇಕು ಒಂದು ದಿನ ಹತ್ತಿಯಂತೆ, ಮರುದಿನ ಇಟ್ಟಿಗೆಯಂತೆ ಆಗುವುದಕ್ಕೆ ಹೆಚ್ಚಾಗಿ ಇದೇ ಕಾರಣ.

ತಕ್ಕಡಿಯನ್ನು ಕೊಡುವ ಮೊದಲು ನೀವೂ ಒಂದು ದಿನ ಬಳಸಿಕೊಳ್ಳಿ ಎಂಬುದು ನನ್ನ ಸಲಹೆ. ಹೋದ ವರ್ಷ ನಾನು ದೊಡ್ಡಮ್ಮನ ಪಕ್ಕದಲ್ಲಿ ಕುಳಿತು, ಅವರು ಸಾಂಬಾರು ಪುಡಿಗೆ ಹುರಿಯಲು ಎತ್ತಿಕೊಂಡ ಪ್ರತಿಯೊಂದು ಹಿಡಿಯನ್ನೂ ತಕ್ಕಡಿಗೆ ಹಾಕಿಸಿ ಬರೆದುಕೊಂಡೆ. ಎರಡು ಹಿಡಿ ಕೊತ್ತಂಬರಿ ನನ್ನ ಕೈಯಲ್ಲಿ 40 ಗ್ರಾಂ ಆದರೆ ದೊಡ್ಡಮ್ಮನ ಕೈಯಲ್ಲಿ 28 ಗ್ರಾಂ. ಇಷ್ಟು ವರ್ಷ ನನ್ನ ಪುಡಿಗೆ ಅವರ ಪುಡಿಯ ರುಚಿ ಏಕೆ ಬರಲಿಲ್ಲವೆಂಬುದು ಅಂದು ತಿಳಿಯಿತು. ನಿಮ್ಮ ಸೋದರತ್ತೆಯವರ ಹತ್ತು ಅಡುಗೆಗಳನ್ನು ಹೀಗೆ ತೂಗಿ, 40 ರೂಪಾಯಿಯ ಒಂದು ನೋಟ್‌ಪುಸ್ತಕದಲ್ಲಿ ಬರೆದು ಹೊಸೂರಿನ ಮಗಳಿಗೆ ಕಾವಲಿಯ ಜೊತೆಗೆ ಕೊಡಿ. ಅವಳು ಓದಿದ್ದು ಮಲಯಾಳ ಮಾಧ್ಯಮದಲ್ಲಾಗಿದ್ದರೆ ಕನ್ನಡವನ್ನು ಬಿಡಿಸಿ ಬಿಡಿಸಿ, ದೊಡ್ಡ ಅಕ್ಷರದಲ್ಲಿ ಬರೆಯಿರಿ. ಅಡುಗೆಯ ನೆಪದಲ್ಲಾದರೂ ಓದಿಕೊಳ್ಳುತ್ತಾಳೆ.

ಸೋದರತ್ತೆಯವರಿಗೆ ಹೊಸ ವಸ್ತು ಬೇಕಾಗಿಲ್ಲ ಎಂದು ನನ್ನ ಅನಿಸಿಕೆ. ಈ ವಯಸ್ಸಿನವರು ತಮ್ಮ ಕೈಗೆ ಒಗ್ಗಿದ್ದನ್ನು ಬಿಡುವುದಿಲ್ಲ. ಅವರ ಹೆರೆಮಣೆಯ ಹಲ್ಲು ಸವೆದಿದೆಯೇ, ಮೆಟ್ಟುಕತ್ತಿ ಮೊಂಡಾಗಿದೆಯೇ ಎಂದು ನೋಡಿ, ಆಚಾರಿಯ ಬಳಿ ಕೊಂಡೊಯ್ದು ಹರಿತ ಮಾಡಿಸಿಕೊಡಿ. ಸವೆದ ಹಲ್ಲಿನಲ್ಲಿ ಒಂದು ತೆಂಗಿನಕಾಯಿ ಹೆರೆಯಲು ಭುಜದ ಬಲವೆಲ್ಲ ಹಾಕಬೇಕು. ಮಣೆಯ ಕಾಲು ಅಲುಗುತ್ತಿದ್ದರೆ ಅದನ್ನೂ ಬಿಗಿ ಮಾಡಿಸಿ.

ಪ್ರಶ್ನೆ ಕೇಳಿದವರಿಂದ (ಪೆರ್ಲ)

ಎಲ್ಲರಿಗೂ ಮನಸಾರೆ ಧನ್ಯವಾದಗಳು. ಮಗಳಿಗೆ ಫೋನು ಮಾಡಿ ಕೇಳಿದೆ, ಅವಳದು ಗ್ಯಾಸ್ ಒಲೆ. ಹಾಗಾಗಿ ನಿನ್ನೆಯೇ ಬದಿಯಡ್ಕಕ್ಕೆ ಹೋಗಿ 480 ರೂಪಾಯಿಗೆ ಕಾವಲಿ ತಂದೆ. ಪುನರ್ಪುಳಿ ಬೇಸಿಗೆಯಲ್ಲಿ ಒಣಗಿಸಿದ್ದು ಮನೆಯಲ್ಲಿಯೇ ಇದೆ, ಒಳ್ಳೆಮೆಣಸು ನಮ್ಮ ತೋಟದ ಕರಿಮುಂಡ. ನಾದಿನಿಗೆ ಬಾಟಲಿಗಳ ಖರ್ಚು ಮಾತ್ರ. ತಕ್ಕಡಿಗೆ ಹೇಳಿದ್ದೇನೆ, ಅದು ಬಂದೊಡನೆ ನೋಟ್‌ಪುಸ್ತಕ ಹಿಡಿದು ಅತ್ತೆಯ ಮನೆಗೆ ಹೋಗುತ್ತೇನೆ.

ಅತ್ತೆಯ ಹೆರೆಮಣೆಯ ವಿಷಯ ಓದಿ ನನಗೆ ನಾಚಿಕೆಯೂ ಆಯಿತು. ಕಳೆದ ಸಲ ಅವರಲ್ಲಿಗೆ ಹೋದಾಗ ಹೆರೆಯುತ್ತಾ ಎರಡು ಸಲ ನಿಲ್ಲಿಸಿ ಭುಜ ಒತ್ತಿಕೊಂಡದ್ದನ್ನು ನೋಡಿಯೂ ಪ್ರಾಯದ ಆಯಾಸವೆಂದು ಸುಮ್ಮನಿದ್ದೆ. ಅವರು ಅದನ್ನು ಒಂದು ದಿನವೂ ಬಿಟ್ಟಿರಲಾರರು. ಆದ್ದರಿಂದ ನಮ್ಮ ಮನೆಯ ಹೆರೆಮಣೆಯನ್ನು ಅಲ್ಲಿಟ್ಟು, ಅವರದ್ದನ್ನು ಆಚಾರಿಯ ಬಳಿಗೆ ಒಯ್ಯುತ್ತೇನೆ. ಕಾವಲಿಗೆ ಈಗಾಗಲೇ ಸಾಬೂನು ಹಾಕಿ ಉಜ್ಜಿಯಾಗಿದೆ. ಇಂದು ರಾತ್ರಿಯ ಅಕ್ಕಿ ತೊಳೆದ ನೀರನ್ನು ಚೆಲ್ಲಬಾರದೆಂದು ಮನೆಯಲ್ಲಿ ಎಲ್ಲರಿಗೂ ಹೇಳಿಟ್ಟಿದ್ದೇನೆ.